ಕಾರ್ ಕಿಟಕಿ ಹತ್ರ ಸುಯ್ ಅಂತ ಗಾಳಿ ಸದ್ದು ಬರ್ತಿದ್ಯಾ? ಗಾಜು ಸರಿಯಾಗಿ ಕೂರಿಸೋದು ಹೀಗೆ

ಸಿಟಿ ಒಳಗೆ ಓಡಿಸೋವಾಗ ಏನೂ ಗೊತ್ತಾಗಲ್ಲ, ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿ 80 ದಾಟಿದ ತಕ್ಷಣ ಡ್ರೈವರ್ ಕಿವಿ ಪಕ್ಕದಲ್ಲೇ ಸುಯ್ಯ್ ಅಂತ ಶುರುವಾಗತ್ತೆ, ಗಾಜು ಪೂರ್ತಿ ಏರಿಸಿದ್ರೂ ಎಲ್ಲೋ ಒಂಚೂರು ತೆರೆದಿರೋ ಥರಾನೇ ಸದ್ದು, ಏನ್ ಮಾಡ್ಲಿ? ಈ ಪ್ರಶ್ನೆ ತುಂಬಾ ಜನ ಕೇಳ್ತಾನೇ ಇದೀರಿ, ಅದಕ್ಕೆ ಒಬ್ಬೊಬ್ಬರಿಗೇ ಅರ್ಧಂಬರ್ಧ ಉತ್ತರ ಕೊಡೋ ಬದ್ಲು ಮೊದಲಿಂದ ಕೊನೆವರೆಗೂ ಒಂದೇ ಕಡೆ ಬರೀತಿದೀನಿ. ಸಾಮಾನ್ಯವಾಗಿ ಎಲ್ಲರೂ ಮಾಡೋ ಮೊದಲ ಕೆಲಸ ಅಂದ್ರೆ ಆನ್‌ಲೈನಲ್ಲಿ ಫೋಮ್ ರಬ್ಬರ್ ಪಟ್ಟಿ ತರಿಸಿ ಡೋರ್ ಸುತ್ತ ಅಂಟಿಸಿಬಿಡೋದು. ದಯವಿಟ್ಟು ಅಲ್ಲಿಂದ ಶುರು ಮಾಡ್ಬೇಡಿ. ಗಾಜೋ ಡೋರೋ ಜಾಗ ಬಿಟ್ಟು ಕೂತಿದ್ರೆ ಅದನ್ನ ಜಾಗಕ್ಕೆ ತರಬೇಕು, ಎಷ್ಟೇ ರಬ್ಬರ್ ತುಂಬಿದ್ರೂ ಅದು ಸರಿಹೋಗಲ್ಲ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ, ಕಾರು ಇನ್ನೂ ವಾರಂಟಿಲಿ ಇದ್ರೆ ನೀವು ಡೋರ್ ಬಿಚ್ಚಲೇಬೇಡಿ. ಕೆಳಗಿನ ಹಂತ 1, 2, 3 ಮಾತ್ರ ಮಾಡಿ, ಸದ್ದು ಎಲ್ಲಿಂದ ಬರ್ತಿದೆ ಅಂತ ಖಚಿತ ಮಾಡ್ಕೊಂಡು ಸರ್ವಿಸ್ ಸೆಂಟರ್‌ನವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೈವೇಲಿ ಒಂದು ರೌಂಡ್ ಹೋಗಿ. "ಸದ್ದು ಬರತ್ತೆ" ಅಂದ್ರೆ "ಎಲ್ಲಾ ಕಾರಲ್ಲೂ ಬರತ್ತೆ ಸಾರ್" ಅಂತಾರೆ, "ಈ ಜಾಗಕ್ಕೆ ಟೇಪ್ ಹಾಕಿದ್ರೆ ನಿಲ್ಲತ್ತೆ, ತೆಗೆದ್ರೆ ಬರತ್ತೆ" ಅಂತ ತೋರಿಸಿದ್ರೆ ಮಾತು ಬೇರೆ ಥರ ಆಗತ್ತೆ.

ಸ್ಪೀಡಲ್ಲಿ ಮಾತ್ರ ಯಾಕೆ?

ಕಾರು ಓಡೋವಾಗ ಗಾಳಿ ಮುಂದಿನ ಗ್ಲಾಸ್ ಪಕ್ಕದ ಕಂಬ (ಇದಕ್ಕೆ ಎ-ಪಿಲ್ಲರ್ ಅಂತಾರೆ) ಮತ್ತು ಸೈಡ್ ಮಿರರ್ ಬಳಸಿಕೊಂಡು ಜೋರಾಗಿ ಹಿಂದಕ್ಕೆ ಹೋಗತ್ತೆ. ಹಂಗೆ ಹೋಗೋವಾಗ ಮುಂದಿನ ಡೋರ್ ಕಿಟಕಿ ಹೊರಗಡೆ ಒತ್ತಡ ಕಮ್ಮಿ ಆಗತ್ತೆ, ಒಳಗಡೆ ಒತ್ತಡ ಹೆಚ್ಚಿರತ್ತೆ, ಹಾಗಾಗಿ ಗಾಜು ಮತ್ತು ಡೋರ್ ಫ್ರೇಮಿನ ಮೇಲ್ಭಾಗ ಎರಡನ್ನೂ ಹೊರಗೆ ಎಳೆದಂಗೆ ಆಗತ್ತೆ. ನಿಂತಿರೋವಾಗ ರಬ್ಬರಿಗೆ ಬರೀ ತಾಗಿಕೊಂಡಿರೋ ಗಾಜು 90ರಲ್ಲಿ ರಬ್ಬರಿಂದ ಬಿಟ್ಕೊಳ್ಳತ್ತೆ. ಅದಕ್ಕೇ ಗ್ಯಾರೇಜಲ್ಲಿ ನಿಲ್ಲಿಸಿ ನೋಡಿದ್ರೆ "ಎಲ್ಲಾ ಸರಿ ಇದೆ" ಅನ್ಸೋದು. ಇನ್ನೊಂದು, ಗಾಳಿ ಸದ್ದಿನ ಶಕ್ತಿ ಹೆಚ್ಚುಕಮ್ಮಿ ವೇಗದ ಆರನೇ ಘಾತದಷ್ಟು ಏರತ್ತೆ, ಅಂದ್ರೆ 80ರಿಂದ 100ಕ್ಕೆ ಹೋದ್ರೆ ಸುಮಾರು 4 ಪಟ್ಟು, 60ರಿಂದ 100ಕ್ಕೆ ಹೋದ್ರೆ 20 ಪಟ್ಟಿಗೂ ಜಾಸ್ತಿ. ಹಾಗಾಗಿ ಔಟರ್ ರಿಂಗ್ ರೋಡಲ್ಲಿ ಟೆಸ್ಟ್ ಮಾಡಿ "ಸರಿಹೋಯ್ತು" ಅಂತ ತೀರ್ಮಾನ ಮಾಡ್ಬೇಡಿ.

ಮುಂದೆ ಬರೋ ಹೆಸರುಗಳು ಗೊತ್ತಿರಲಿ, ಸ್ಪೇರ್ ಪಾರ್ಟ್ಸ್ ಅಂಗಡೀಲೂ ಇವೇ ಬೇಕಾಗತ್ತೆ. ಗಾಜು ಮೇಲೆ ಕೆಳಗೆ ಜಾರೋ, ಫ್ರೇಮ್ ಒಳಗಿನ ಕಾಲುವೆ ಥರದ ರಬ್ಬರು ಗ್ಲಾಸ್ ಚಾನೆಲ್. ಕಾರಿನ ಬಾಡಿಗೋ ಡೋರಿಗೋ ಸುತ್ತ ಹಾಕಿರೋ ಒಳಗೆ ಟೊಳ್ಳಿರೋ ದಪ್ಪ ರಬ್ಬರು ಡೋರ್ ಬೀಡಿಂಗ್. ಗಾಜು ಡೋರ್ ಒಳಗೆ ಇಳಿಯೋ ಜಾಗದಲ್ಲಿ ಹೊರಗಡೆ ಇರೋ ಉದ್ದ ಪಟ್ಟಿ ಔಟರ್ ಬೀಡಿಂಗ್. ಗಾಜನ್ನ ಏರಿಸಿ ಇಳಿಸೋ ಯಂತ್ರ ರೆಗ್ಯುಲೇಟರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ವಿಂಡೋ ಮೆಷಿನ್. ಡೋರಿನ ಲಾಕ್ ಹೋಗಿ ಕಚ್ಚಿಕೊಳ್ಳೋ, ಕಂಬದ ಮೇಲಿರೋ ಕಬ್ಬಿಣದ ಕೊಕ್ಕೆ ಸ್ಟ್ರೈಕರ್. ಒಳಗಡೆ ಕೈ ಇಡೋ ಪ್ಲಾಸ್ಟಿಕ್ ಪ್ಯಾನೆಲ್ ಡೋರ್ ಪ್ಯಾಡ್.

ಏನೇನು ಬೇಕು

ಪೇಂಟ್ ಅಂಗಡೀಲಿ ಸಿಗೋ ಮಾಸ್ಕಿಂಗ್ ಟೇಪ್, ಸಿಲಿಕಾನ್ ಸ್ಪ್ರೇ, ಹಳೇ ಕಾಟನ್ ಬಟ್ಟೆ, ಪೇಪರ್ ಪಟ್ಟಿ, ಮಾರ್ಕರ್ ಪೆನ್ನು, ಟಾರ್ಚ್. ಡೋರ್ ಬಿಚ್ಚೋದಾದ್ರೆ 10 ಎಂಎಂ ಸಾಕೆಟ್, ಸ್ಟಾರ್ ಸ್ಕ್ರೂಡ್ರೈವರ್, ಆರು ಮೂಲೆಯ ಟಾರ್ಕ್ಸ್ ಬಿಟ್ ಸೆಟ್, ಪ್ಲಾಸ್ಟಿಕ್ ಟ್ರಿಮ್ ಟೂಲ್ (ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಪ್ಯಾಡ್ ಅಂಚು ಮತ್ತು ಪೇಂಟ್ ಎರಡೂ ಹೋಗತ್ತೆ), ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಡೋರ್ ಪ್ಯಾಡ್ ಕ್ಲಿಪ್ ಒಂದು ಐದಾರು ಮೊದಲೇ ತಂದಿಟ್ಕೊಳ್ಳಿ, ಹಳೇ ಕಾರಲ್ಲಿ ಕ್ಲಿಪ್ ಮುರಿಯದೇ ಪ್ಯಾಡ್ ಬರೋದು ಕಮ್ಮಿ. ಬೆಂಗಳೂರಲ್ಲಿರೋರಿಗೆ ಜೆ.ಸಿ. ರೋಡಲ್ಲಿ ಇವೆಲ್ಲ ಸಿಗತ್ತೆ, ಕಾರಿನ ಮಾಡೆಲ್ ಮತ್ತು ವರ್ಷ ಹೇಳಿ ಕೇಳಿ.

ಹಂತ 1: ಅದು ಕಿಟಕಿ ಸದ್ದೇನಾ ಅಂತ ನೋಡಿ

ಮೊದಲು ಸದ್ದಿನ ಜಾತಿ ಗಮನಿಸಿ. ಸಣ್ಣಗೆ ಶಿಳ್ಳೆ ಥರ ಬಂದ್ರೆ ಚಿಕ್ಕ ಸಂದು, ಸುಯ್ ಅಂತ ಒಂದೇ ಸಮ ಬಂದ್ರೆ ಉದ್ದದ ಸಂದು, ಪಟಪಟ ಅಂದ್ರೆ ಯಾವುದೋ ರಬ್ಬರ್ ಅಂಚು ಬಿಟ್ಕೊಂಡು ಹೊಡ್ಕೊಳ್ತಿದೆ. ರಸ್ತೆ ಬದಲಾದಾಗ, ಅಂದ್ರೆ ಡಾಂಬರಿಂದ ಕಾಂಕ್ರೀಟಿಗೆ ಹೋದಾಗ ಸದ್ದು ಬದಲಾದ್ರೆ ಅದು ಟಯರ್ ಸದ್ದು, ಕಿಟಕೀದಲ್ಲ. ಪಕ್ಕದಿಂದ ಗಾಳಿ ಬೀಸಿದಾಗ ಅಥವಾ ದೊಡ್ಡ ಲಾರಿ ದಾಟಿದಾಗ ಹೆಚ್ಚುಕಮ್ಮಿ ಆದ್ರೆ ಗಾಳಿ ಸದ್ದು.

ಡೋರ್ ವೈಸರ್ ಹಾಕಿಸಿದೀರಾ? ಮಳೆಗೆ ಅಂತ ಕಿಟಕಿ ಮೇಲೆ ಅಂಟಿಸೋ ಆ ಕಪ್ಪು ಪ್ಲಾಸ್ಟಿಕ್ಕೇ ಎಷ್ಟೋ ಸಲ ಸದ್ದಿನ ಮೂಲ. ಅದರಲ್ಲೂ ಗ್ಲಾಸ್ ಚಾನೆಲ್ ಒಳಗೆ ತುರುಕೋ ಟೈಪ್ ಇದ್ಯಲ್ಲ, ಅದು ಗಾಜನ್ನೇ ಒಳಗಡೆ ತಳ್ಳಿ ರಬ್ಬರಿಂದ ದೂರ ಮಾಡತ್ತೆ, ನಿಧಾನಕ್ಕೆ ಚಾನೆಲ್ ಆಕಾರಾನೂ ಕೆಡಿಸತ್ತೆ. ಮೊದಲು ಅದನ್ನ ತೆಗೆದು ಓಡಿಸಿ ನೋಡಿ. ರೂಫ್ ಕ್ಯಾರಿಯರ್ ಇದ್ರೆ ಅದನ್ನೂ ಬಿಚ್ಚಿ ನೋಡಿ.

ಆಮೇಲೆ ಯಾರನ್ನಾದ್ರೂ ಡ್ರೈವ್ ಮಾಡೋಕೆ ಹೇಳಿ, ನೀವು ಪಕ್ಕದಲ್ಲೋ ಹಿಂದೋ ಕೂತು ಕೇಳಿಸ್ಕೊಳ್ಳಿ. ಡ್ರೈವ್ ಮಾಡೋರೇ ತಲೆ ಆಡಿಸ್ಕೊಂಡು ಸದ್ದು ಹುಡುಕೋ ಕೆಲಸ 100ರ ವೇಗದಲ್ಲಿ ಖಂಡಿತಾ ಬೇಡ. ಪ್ಯಾಸೆಂಜರ್ ಕಡೆ ಕಿಟಕಿ ಆದ್ರೆ ಓಡ್ತಿರೋವಾಗಲೇ ಗಾಜಿನ ಮೇಲ್ಭಾಗಕ್ಕೆ ಅಂಗೈ ಇಟ್ಟು ಮೆಲ್ಲಗೆ ಹೊರಗೆ ಒತ್ತಿ. ಸದ್ದು ಬದಲಾಯ್ತು ಅಂದ್ರೆ ಗಾಜು ಸರಿಯಾಗಿ ಕೂತಿಲ್ಲ ಅನ್ನೋದು ಹೆಚ್ಚುಕಮ್ಮಿ ಖಾತ್ರಿ.

ಹಂತ 2: ಮಾಸ್ಕಿಂಗ್ ಟೇಪ್ ಪರೀಕ್ಷೆ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಅವಸರ ಮಾಡ್ಬೇಡಿ. ಡೋರ್ ಹೊರಗಿಂದ ನೋಡಿದ್ರೆ ಗಾಳಿ ನುಗ್ಗೋಕೆ ಮೂರು ಗೆರೆ ಇದೆ. ಒಂದು, ಗಾಜಿಗೂ ಫ್ರೇಮಿಗೂ ಮಧ್ಯೆ. ಎರಡು, ಫ್ರೇಮಿಗೂ ಬಾಡಿಗೂ ಮಧ್ಯೆ. ಮೂರು, ಮಿರರ್ ಕೂತಿರೋ ತ್ರಿಕೋನ ಜಾಗ ಮತ್ತು ಅದರ ಸುತ್ತ. ಮೊದಲು ಮೂರಕ್ಕೂ ಪೂರ್ತಿ ಟೇಪ್ ಹಾಕಿ ಓಡಿಸಿ. ಸದ್ದು ನಿಲ್ಲಲೇ ಇಲ್ಲ ಅಂದ್ರೆ ಮೂಲ ಆ ಮೂರು ಗೆರೆಯಲ್ಲಿ ಇಲ್ಲ, ಬೇರೆ ಕಡೆ ಹುಡುಕಿ. ನಿಂತ್ರೆ, ಒಂದೊಂದೇ ಗೆರೆ ಟೇಪ್ ತೆಗೀತಾ ಅದೇ ರಸ್ತೆ, ಅದೇ ವೇಗದಲ್ಲಿ ಮತ್ತೆ ಓಡಿಸಿ. ಯಾವ ತುಂಡು ತೆಗೆದಾಗ ಸದ್ದು ವಾಪಸ್ ಬಂತೋ ಅಲ್ಲೇ ನಿಮ್ಮ ಕೆಲಸ ಇರೋದು.

ಗಾಜು-ಫ್ರೇಮ್ ಗೆರೆ ಆದ್ರೆ ಹಂತ 4, 5, 7. ಫ್ರೇಮ್-ಬಾಡಿ ಗೆರೆ ಆದ್ರೆ ಹಂತ 6. ಮಿರರ್ ತ್ರಿಕೋನ ಆದ್ರೆ ಒಳಗಿನ ಪ್ಲಾಸ್ಟಿಕ್ ತ್ರಿಕೋನ ತೆಗೆದು ಮಿರರ್ ನಟ್ ಬಿಗಿ ಇದೆಯಾ, ಹಿಂದಿನ ಫೋಮ್ ಹರಿದಿದೆಯಾ ನೋಡಿದ್ರೆ ಮುಗೀತು.

ಎಚ್ಚರಿಕೆ ಎರಡು. ಸೆಲ್ಲೋ ಟೇಪ್, ಬ್ರೌನ್ ಟೇಪ್ ಬಳಸ್ಬೇಡಿ, ಬಿಸಿಲಿಗೆ ಗಮ್ ಪೇಂಟಿಗೇ ಅಂಟಿಬಿಡತ್ತೆ, ಮಾಸ್ಕಿಂಗ್ ಟೇಪನ್ನೂ ಅವತ್ತೇ ತೆಗೆದುಬಿಡಿ. ಇನ್ನೊಂದು, ಟೇಪ್ ಹಾಕಿದ ಡೋರಿಂದ ಹೊರಗೆ ಬರೋಕೆ ಕಷ್ಟ ಆಗ್ಬಾರ್ದು, ಒಂದೇ ಪದರ ಹಾಕಿ, ಡೋರ್ ತಳ್ಳಿದ್ರೆ ಹರೀಬೇಕು. ಮಿರರ್ ಗಾಜು ಮುಚ್ಚಬೇಡಿ.

ಹಂತ 3: ನಿಲ್ಲಿಸಿ ಖಚಿತ ಮಾಡ್ಕೊಳ್ಳಿ

ಪೇಪರ್ ಪಟ್ಟಿ ಡೋರ್ ಬೀಡಿಂಗ್ ಮಧ್ಯೆ ಇಟ್ಟು ಡೋರ್ ಹಾಕಿ ಎಳೀರಿ. ಸುತ್ತಲೂ ಒಂದೇ ಥರ ಬಿಗಿಯಾಗಿ ಬರಬೇಕು, ಎಲ್ಲಿ ಸರ್ರನೆ ಜಾರಿ ಬಂತೋ ಅಲ್ಲಿ ಒತ್ತಡ ಇಲ್ಲ. ಆ ಕಡೆ ಡೋರಲ್ಲೂ ಇದನ್ನೇ ಮಾಡಿ ಹೋಲಿಸಿ, ಸದ್ದು ಬರದೇ ಇರೋ ಡೋರಿಗಿಂತ ಒಳ್ಳೇ ಅಳತೆಗೋಲು ನಿಮಗೆ ಸಿಗಲ್ಲ. ಚಾಕ್‌ಪೀಸ್ ಪುಡಿ ಬೀಡಿಂಗಿಗೆ ಸವರಿ ಡೋರ್ ಹಾಕಿ ತೆಗೆದ್ರೆ ಎದುರು ಭಾಗದಲ್ಲಿ ಬಿಳಿ ಗೆರೆ ಬೀಳತ್ತೆ, ಗೆರೆ ತುಂಡಾದ ಕಡೆ ರಬ್ಬರ್ ತಾಗ್ತಿಲ್ಲ.

ಗಾಳಿ ಇಲ್ಲದ ಜಾಗದಲ್ಲಿ, ಎಲ್ಲಾ ಗಾಜು ಏರಿಸಿ, ಬ್ಲೋವರ್ ಫುಲ್ ಸ್ಪೀಡಲ್ಲಿ ಇಟ್ಟು ಹೊರಗಿನ ಗಾಳಿ ಎಳ್ಕೊಳ್ಳೋ ಮೋಡಲ್ಲಿ ಹಾಕಿ. ಒಳಗೆ ಒತ್ತಡ ಏರತ್ತೆ. ಈಗ ಹೊರಗಡೆ ಒಂದು ಊದುಬತ್ತಿ ಹಿಡಿದು ಕಿಟಕಿ ಅಂಚಲ್ಲಿ ನಿಧಾನಕ್ಕೆ ಸಾಗಿಸಿ, ಲೀಕ್ ಇರೋ ಕಡೆ ಹೊಗೆ ದೂರ ಹಾರತ್ತೆ. ಊದುಬತ್ತಿ ಕಾರೊಳಗೆ ಒಯ್ಯಬೇಡಿ, ಕಿಡಿ ಬಿದ್ರೆ ಸೀಟಿಗೆ ತೂತು. ಹಿಂದಿನ ಬಂಪರ್ ಹತ್ರ ಗಾಳಿ ಹೊರಗೆ ಬಂದ್ರೆ ಗಾಬರಿ ಬೇಡ, ಒಳಗಿನ ಗಾಳಿ ಹೊರಗೆ ಹೋಗೋಕೆ ಅಂತಾನೇ ಕಂಪನಿಯವರು ಅಲ್ಲಿ ದಾರಿ ಬಿಟ್ಟಿರ್ತಾರೆ.

ಹಂತ 4: ಗ್ಲಾಸ್ ಚಾನೆಲ್ ಕ್ಲೀನ್ ಮಾಡಿ

ನಮ್ಮ ರಸ್ತೆ ಧೂಳು ಈ ಚಾನೆಲ್ ಒಳಗೆ ಗಟ್ಟಿಯಾಗಿ ಕೂತ್ಕೊಳ್ಳತ್ತೆ, ಗಾಜು ಕೊನೇ ಎರಡು ಮೂರು ಎಂಎಂ ಏರೋದೇ ಇಲ್ಲ, ಅಥವಾ ಒಂದು ಕಡೆ ಏರಿ ಇನ್ನೊಂದು ಕಡೆ ನಿಂತುಬಿಡತ್ತೆ. ಗಾಜು ಪೂರ್ತಿ ಇಳಿಸಿ, ಐಸ್‌ಕ್ರೀಮ್ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಚಾನೆಲ್ ಉದ್ದಕ್ಕೂ ಒರೆಸ್ತಾ ಹೋಗಿ, ಬಟ್ಟೆ ಕೊಳೆ ಬಿಡೋದು ನಿಲ್ಲೋವರೆಗೂ. ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ತೆಳ್ಳಗೆ ಹೊಡೆದು ಗಾಜನ್ನ ಒಂದೈದಾರು ಸಲ ಏರಿಸಿ ಇಳಿಸಿ. ಗ್ರೀಸ್, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ, ಧೂಳು ಇನ್ನೂ ಜಾಸ್ತಿ ಹಿಡಿಯತ್ತೆ, ಪೆಟ್ರೋಲಿಯಂ ಎಣ್ಣೆ ಆದ್ರೆ ರಬ್ಬರ್ ಉಬ್ಬಿ ಹಾಳಾಗತ್ತೆ.

ಇದನ್ನ ಮಾಡೋವಾಗಲೇ ಟಾರ್ಚ್ ಬಿಟ್ಟು ರಬ್ಬರ್ ನೋಡಿ. ಮೇಲಿನ ಎರಡು ಮೂಲೆಗಳಲ್ಲಿ ಚಾನೆಲ್ ತನ್ನ ಜಾಗದಿಂದ ಹೊರಗೆ ಬಂದಿರೋದು ಸರ್ವೇಸಾಮಾನ್ಯ, ಬೆರಳಲ್ಲೇ ಒತ್ತಿ ಒಳಗೆ ಕೂರಿಸಬಹುದು. ಹಳೇ ಕುಕ್ಕರ್ ಗ್ಯಾಸ್ಕೆಟ್ ಥರ ಗಟ್ಟಿಯಾಗಿ, ಕುಗ್ಗಿ, ಮೂಲೆ ಬಿಟ್ಟುಕೊಂಡಿದ್ರೆ ಅದಕ್ಕೆ ಅಂಟು ಹಾಕೋ ಪ್ರಯತ್ನ ಬೇಡ, ಹೊಸಾ ಚಾನೆಲ್ ಹಾಕಿ, ಒರಿಜಿನಲ್ಲೇ ಹಾಕಿ. ಲೋಕಲ್ ರಬ್ಬರ್ ಅರ್ಧ ಎಂಎಂ ದಪ್ಪ ಹೆಚ್ಚಾದ್ರೂ ಗಾಜು ಬಿಗಿ ಆಗತ್ತೆ, ಮೋಟರ್ ಮೇಲೆ ಲೋಡು. ಸನ್ ಫಿಲಂ ಹಾಕೋವಾಗ ಅಥವಾ ಕೀಳೋವಾಗ ಬ್ಲೇಡ್ ತಾಗಿ ಕೊಯ್ದಿದೆಯಾ ಅಂತಾನೂ ನೋಡಿ.

ಹಂತ 5: ಗಾಜು ಏರೋದನ್ನ ನೋಡಿ

ಹೊರಗೆ ನಿಂತು, ಒಳಗಿರೋರಿಗೆ ಗಾಜು ನಿಧಾನಕ್ಕೆ, ನಿಲ್ಲಿಸಿ ನಿಲ್ಲಿಸಿ ಏರಿಸೋಕೆ ಹೇಳಿ. ಗಾಜಿನ ಮೇಲಂಚು ಮೇಲಿನ ಚಾನೆಲ್ಲಿಗೆ ಉದ್ದಕ್ಕೂ ಒಟ್ಟಿಗೇ ಸೇರಬೇಕು. ಮುಂದಿನ ತುದಿ ಮೊದಲು ಸೇರಿ ಹಿಂದಿನದು ಆಮೇಲೆ ಬಂದ್ರೆ ಗಾಜು ವಾಲಿದೆ. ಎರಡೂ ಕಡೆ ಸಮಾ ಇದ್ದೂ ಮೇಲೆ ಸಂದು ಉಳಿದ್ರೆ ಗಾಜು ಪೂರ್ತಿ ಏರ್ತಾ ಇಲ್ಲ. ಪೂರ್ತಿ ಏರಿದ ಮೇಲೆ ಗಾಜನ್ನ ಒಳಗೆ ಹೊರಗೆ ಆಡಿಸಿ ನೋಡಿ, ಗಡಗಡ ಅಂದ್ರೆ ಕೆಳಗಿನ ಬೋಲ್ಟ್ ಸಡಿಲ ಅಥವಾ ಮೆಷಿನ್ನಿನ ಪ್ಲಾಸ್ಟಿಕ್ ಹಿಡಿಕೆ ಮುರಿದಿದೆ. ಮುರಿದಿದ್ರೆ ಅಡ್ಜಸ್ಟ್ ಮಾಡಿ ಪ್ರಯೋಜನ ಇಲ್ಲ, ಮೆಷಿನ್ನೇ ಬದಲಾಯಿಸಬೇಕು. ಎಷ್ಟು ಎಂಎಂ ವ್ಯತ್ಯಾಸ ಇದೆ ಅಂತ ಗಾಜಿಗೆ ಟೇಪ್ ಅಂಟಿಸಿ ಮಾರ್ಕ್ ಮಾಡಿ, ಫೋಟೋ ತೆಕ್ಕೊಳ್ಳಿ.

ಹಂತ 6: ಡೋರೇ ಹೊರಗಿದ್ರೆ ಸ್ಟ್ರೈಕರ್

ಇದಕ್ಕೆ ಡೋರ್ ಪ್ಯಾಡ್ ಬಿಚ್ಚೋ ಅಗತ್ಯ ಇಲ್ಲ, ಅದಕ್ಕೇ ಗಾಜಿನ ಕೆಲಸಕ್ಕಿಂತ ಮೊದಲು ಹೇಳ್ತಿದೀನಿ. ಡೋರ್ ಹಾಕಿ ಪಕ್ಕದಿಂದ ಕಣ್ಣು ಹಾಯಿಸಿ. ಮುಂದಿನ ಡೋರ್ ಮತ್ತು ಹಿಂದಿನ ಡೋರ್ ಸೇರೋ ಗೆರೆಯಲ್ಲಿ ಎರಡೂ ಒಂದೇ ಮಟ್ಟಕ್ಕಿರಬೇಕು, ಹಿಂದಿನ ಡೋರ್ ಒಂದು ಕೂದಲೆಳೆ ಒಳಗಿದ್ರೂ ಪರವಾಗಿಲ್ಲ, ಹೊರಗಿರಬಾರದು, ಯಾಕಂದ್ರೆ ಹೊರಗೆ ಚಾಚಿದ ಅಂಚಿಗೆ ಮುಂದಿಂದ ಬರೋ ಗಾಳಿ ನೇರವಾಗಿ ಹೊಡೆಯತ್ತೆ.

ಡೋರಿನ ಹಿಂದಿನ ಅಂಚು, ಅಂದ್ರೆ ಲಾಕ್ ಇರೋ ಕಡೆ, ಹೊರಗಿದ್ರೆ ಅದನ್ನ ಒಳಗೆ ತರೋಕೆ ಆ ಡೋರಿನ ಸ್ಟ್ರೈಕರ್ ಒಳಗೆ ಸರಿಸಬೇಕು (ಮುಂದಿನ ಅಂಚು ಹೊರಗಿದ್ರೆ ಅದು ಹಿಂಜ್ ಕೆಲಸ, ಸ್ಟ್ರೈಕರಿಂದ ಸರಿಹೋಗಲ್ಲ). ಮೊದಲು ಸುತ್ತ ಮಾರ್ಕರಲ್ಲಿ ಗೆರೆ ಎಳೀರಿ, ತಪ್ಪಾದ್ರೆ ವಾಪಸ್ ಅದೇ ಜಾಗಕ್ಕೆ ತರೋಕೆ ಇದೊಂದೇ ದಾರಿ. ಎರಡು ಸ್ಕ್ರೂನೂ ಸಡಿಲ ಮಾತ್ರ ಮಾಡಿ, ಪೂರ್ತಿ ಬಿಚ್ಚಬೇಡಿ, ಕೆಲವು ಕಾರಲ್ಲಿ ಹಿಂದಿರೋ ನಟ್ ಪ್ಲೇಟ್ ಕಂಬದ ಒಳಗೆ ಬಿದ್ದುಹೋಗತ್ತೆ, ಆಮೇಲೆ ಅದನ್ನ ಹೊರಗೆ ತೆಗೆಯೋದು ದೊಡ್ಡ ರಗಳೆ. ಒಂದು ಸಲಕ್ಕೆ 1 ಎಂಎಂ ಅಷ್ಟೇ ಸರಿಸಿ, ಮೇಲೆ ಕೆಳಗೆ ಜರುಗದ ಹಾಗೆ. ಬಿಗಿ ಮಾಡಿ, ಡೋರ್ ಹಾಕಿ, ಪೇಪರ್ ಪಟ್ಟಿ ಎಳೆದು ನೋಡಿ. ಲಾಕ್ ಎರಡು ಸಲ ಕ್ಲಿಕ್ ಆಗಿ ಪೂರ್ತಿ ಕಚ್ಚಬೇಕು, ಡ್ಯಾಶ್‌ಬೋರ್ಡಲ್ಲಿ ಡೋರ್ ಲೈಟ್ ಆರಬೇಕು. ಧಡಾರ್ ಅಂತ ಹಾಕಿದ್ರೆ ಮಾತ್ರ ಬೀಳತ್ತೆ ಅಂದ್ರೆ ಜಾಸ್ತಿ ಒಳಗೆ ಹೋಗಿದೆ. ಸ್ಕ್ರೂ ಗಟ್ಟಿಯಾಗಿ ಬಿಗೀಬೇಕು, ಆಕ್ಸಿಡೆಂಟಲ್ಲಿ ಡೋರ್ ತೆರೆಯದೆ ಹಿಡಿಯೋದು ಇದೇ.

ಡೋರ್ ಕೆಳಗೆ ಸರಿಯಾಗಿ ಕೂತು ಮೇಲಿನ ಫ್ರೇಮ್ ಮಾತ್ರ ಹೊರಗೆ ಬಾಗಿದ್ರೆ, ಆಕ್ಸಿಡೆಂಟ್ ಆಗಿ ರಿಪೇರಿ ಆದ ಕಾರಲ್ಲಿ ಇದು ಜಾಸ್ತಿ, ಮಂಡಿ ಕೊಟ್ಟು ಒತ್ತಿ ಬಗ್ಗಿಸೋಕೆ ನೀವು ಹೋಗ್ಬೇಡಿ. ಪೇಂಟ್ ಬಿರುಕು ಬಿಡತ್ತೆ, ಒಂದ್ಸಲ ಜಾಸ್ತಿ ಬಗ್ಗಿದ್ರೆ ಗಾಜು ಚಾನೆಲ್ಲಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ಅನುಭವ ಇರೋ ಟಿಂಕರಿಂಗ್ ಕೆಲಸದವರ ಹತ್ರ ಹೋಗಿ, ನಿಮ್ಮ ಚಾಕ್‌ಪೀಸ್ ಗೆರೆ ತೋರಿಸಿ.

ಹಂತ 7: ಗಾಜು ಅಡ್ಜಸ್ಟ್ ಮಾಡೋದು

ಕೀ ತೆಗೆದು ಬ್ಯಾಟರಿ ನೆಗೆಟಿವ್ ಟರ್ಮಿನಲ್ ಬಿಚ್ಚಿ ಸ್ವಲ್ಪ ಹೊತ್ತು ಕಾಯಿರಿ, ಕೆಲವು ಕಾರಲ್ಲಿ ಸೈಡ್ ಏರ್‌ಬ್ಯಾಗಿನ ಸೆನ್ಸರ್ ಡೋರ್ ಒಳಗೇ ಇರತ್ತೆ, ಆ ಕನೆಕ್ಟರ್ ಮುಟ್ಟಬೇಡಿ. ಡೋರ್ ಪ್ಯಾಡ್ ಸ್ಕ್ರೂಗಳು ಸಾಮಾನ್ಯವಾಗಿ ಒಳಗಿನ ಹ್ಯಾಂಡಲ್ ಹಿಂದೆ ಸಣ್ಣ ಮುಚ್ಚಳದ ಕೆಳಗೆ, ಡೋರ್ ಎಳ್ಕೊಳ್ಳೋ ಗುಂಡಿ ಒಳಗೆ ಮತ್ತು ಅಂಚಲ್ಲಿ ಇರತ್ತೆ. ಸ್ಕ್ರೂ ಉಳಿದಿರೋವಾಗ ಪ್ಯಾಡ್ ಎಳೆದ್ರೆ ಮುರಿಯೋದು ಗ್ಯಾರಂಟಿ. ಎಲ್ಲಾ ತೆಗೆದ ಮೇಲೆ ಕೆಳಗಿನ ಮೂಲೆಯಿಂದ ಕ್ಲಿಪ್ ಒಂದೊಂದೇ ಬಿಡಿಸಿ, ಪ್ಯಾಡ್ ಮೇಲಕ್ಕೆ ಎತ್ತಿ, ವೈರ್ ಮತ್ತು ಹ್ಯಾಂಡಲ್ ಕೇಬಲ್ ಬಿಡಿಸಿ. ಹಿಂದಿರೋ ಪ್ಲಾಸ್ಟಿಕ್ ಶೀಟನ್ನ ಹರಿಯದೆ ಮೆಲ್ಲಗೆ ಬೇಕಾದಷ್ಟೇ ಬಿಡಿಸಿ, ಅದರ ಕಪ್ಪು ಅಂಟಿಗೆ ಧೂಳು ತಾಗದ ಹಾಗೆ ನೋಡ್ಕೊಳ್ಳಿ.

ಈಗ ಬಿಚ್ಚಿದ ಕನೆಕ್ಟರ್‌ಗಳನ್ನೆಲ್ಲ ಮತ್ತೆ ಸಿಕ್ಕಿಸಿ, ಬ್ಯಾಟರಿ ಹಾಕಿ, ಆಮೇಲೆ ಕೀ ಆನ್ ಮಾಡಿ ಗಾಜನ್ನ ಅದರ ಬೋಲ್ಟ್‌ಗಳು ಡೋರಿನ ತೂತಲ್ಲಿ ಕಾಣೋವರೆಗೂ ಇಳಿಸಿ. ಗಾಜನ್ನ ಹಿಡಿಯೋಕೆ ಸಾಮಾನ್ಯವಾಗಿ ಎರಡು 10 ಎಂಎಂ ಬೋಲ್ಟ್ ಇರತ್ತೆ. ಮುಟ್ಟೋಕೆ ಮುಂಚೆ ಗಾಜಿನ ಮೇಲಂಚಿಂದ ಫ್ರೇಮ್ ಮೇಲೆ ಹಾಯಿಸಿ ಆಚೆ ಕಡೆಗೆ ಗಟ್ಟಿ ಟೇಪ್ ಎರಡು ಮೂರು ಕಡೆ ಹಾಕಿ, ಇಲ್ಲಾಂದ್ರೆ ಗಾಜು ಒಳಗೆ ಧಡಕ್ ಅಂತ ಬಿದ್ದುಬಿಡತ್ತೆ. ಸೈಡ್ ಗಾಜು ಹೆಚ್ಚಿನ ಕಾರಲ್ಲಿ ಟಫನ್ಡ್ ಗ್ಲಾಸ್, ಮಧ್ಯದಲ್ಲಿ ಗಟ್ಟಿ, ಅಂಚಿಗೆ ಚೂರು ಪೆಟ್ಟು ಬಿದ್ರೂ ಇಡೀ ಗಾಜು ಪುಡಿಪುಡಿ. ಗ್ಲೌಸ್, ಕನ್ನಡಕ ಈಗ ಹಾಕ್ಕೊಳ್ಳಿ, ಮತ್ತು ಕೈ ಒಳಗಿರೋವಾಗ ಯಾರೂ ಸ್ವಿಚ್ ಒತ್ತದ ಹಾಗೆ ಕೀ ತೆಗೆದು ಜೇಬಲ್ಲಿ ಇಟ್ಕೊಳ್ಳಿ.

ಎರಡೂ ಬೋಲ್ಟ್ ಅರ್ಧ ಸುತ್ತು ಸಡಿಲ ಮಾಡಿ. ಎರಡು ಅಂಗೈಯಿಂದ ಗಾಜಿನ ಎರಡೂ ಮುಖ ಹಿಡಿದು, ಯಾವ ಕಡೆ ಕೆಳಗಿತ್ತೋ ಆ ಕಡೆ ಎತ್ತಿ, ಗಾಜಿನ ಹಿಂದಿನ ಅಂಚು ಹಿಂದಿನ ಚಾನೆಲ್ ಒಳಗೆ ಪೂರ್ತಿ ಕೂರೋ ಹಾಗೆ ಸರಿಸಿ, ಬೋಲ್ಟ್ ಬಿಗಿ ಮಾಡಿ. ಬಿಗಿ ಅಂದ್ರೆ ಸಣ್ಣ ರಾಚೆಟ್ಟಲ್ಲಿ ಮಣಿಕಟ್ಟಿನ ಬಲ ಅಷ್ಟೇ, ತೋಳಿನ ಬಲ ಹಾಕಿದ್ರೆ ಗಾಜು ಒಡೆಯತ್ತೆ. ಟೇಪ್ ತೆಗೆದು ಏರಿಸಿ ನೋಡಿ. ಒಂದೇ ಸಲಕ್ಕೆ ಸರಿ ಬರೋದು ಅಪರೂಪ, ಬೇಜಾರಾಗ್ಬೇಡಿ. ಕತ್ತರಿ ಥರ ತೋಳಿರೋ ಹಳೇ ಮಾದರಿ ಮೆಷಿನ್ ಆದ್ರೆ ವಾಲೋದನ್ನ ಸರಿ ಮಾಡೋಕೆ ಬೇರೇನೇ ಒಂದು ಉದ್ದ ತೂತಿನ ಪಟ್ಟಿ ಇರತ್ತೆ, ಅದರ ಬೋಲ್ಟ್ ಸಡಿಲ ಮಾಡಿ ಸರಿಸಿದ್ರೆ ಗಾಜು ನೇರ ಆಗತ್ತೆ. ಗಾಜು ಸಮಾ ಇದ್ದೂ ಒಳಗಡೆ ವಾಲಿ ಹೊರಗಿನ ರಬ್ಬರಿಗೆ ತಾಗದೇ ಇದ್ರೆ, ಚಾನೆಲ್ಲಿನ ಕೆಳತುದಿ ಹಿಡಿದಿರೋ ಬೋಲ್ಟ್ ನೋಡಿ, ಅಲ್ಲಿ ಸ್ವಲ್ಪ ಆಚೀಚೆ ಸರಿಸೋ ಅವಕಾಶ ಇದ್ರೆ ಕೂದಲೆಳೆಯಷ್ಟು ಸರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಮೂರು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಹಂತ 8: ಮುಚ್ಚೋದು, ಮತ್ತೆ ಓಡಿಸೋದು

ಪ್ಯಾಡ್ ಹಾಕೋಕೆ ಮುಂಚೆ ಕೀ ಆಫ್ ಮಾಡಿ ಬ್ಯಾಟರಿ ಮತ್ತೆ ಬಿಚ್ಚಿ, ಆಮೇಲೆ ಕನೆಕ್ಟರ್ ಮುಟ್ಟಿ. ಪ್ಲಾಸ್ಟಿಕ್ ಶೀಟ್ ಸುತ್ತಲೂ ಒತ್ತಿ ಅಂಟಿಸಿ, ಅಂಟು ಹೋಗಿದ್ರೆ ಬ್ಯೂಟೈಲ್ ಟೇಪ್ (ಮೆತ್ತಗೆ ಅಂಟೋ ರಬ್ಬರ್ ಥರದ ಟೇಪ್) ಹಾಕಿ. "ಏನ್ ಸಾರ್ ಅದು ಬರೀ ಕವರ್ರು" ಅಂತ ಕಿತ್ತು ಬಿಸಾಕೋರಿದಾರೆ, ಬಿಡಬೇಡಿ. ಮಳೆಗಾಲದಲ್ಲಿ ನೀರು ಕಾರೊಳಗೆ ಬರದ ಹಾಗೆ ತಡೆಯೋದು, ಡೋರ್ ಒಳಗಿನ ಗಾಳಿ ಸದ್ದು ತಡೆಯೋದು ಎರಡೂ ಅದೇ. ಡೋರ್ ಕೆಳಗಿನ ನೀರು ಹೋಗೋ ತೂತು ಮಣ್ಣು ಕಟ್ಟಿದ್ರೆ ಈಗಲೇ ಬಿಡಿಸಿ.

ಬ್ಯಾಟರಿ ತೆಗೆದಿದ್ರಿಂದ ಒಂದೇ ಒತ್ತಿಗೆ ಏರೋ ಆಟೋ ಫಂಕ್ಷನ್ ಮರೆತಿರಬಹುದು. ಹೆಚ್ಚಿನ ಕಾರಲ್ಲಿ ಗಾಜು ಪೂರ್ತಿ ಏರಿಸಿ ಸ್ವಿಚ್ಚನ್ನ ಕೆಲವು ಸೆಕೆಂಡ್ ಹಿಡಿದಿದ್ರೆ ಮತ್ತೆ ಕಲಿಯತ್ತೆ, ನಿಮ್ಮ ಕಾರಿನ ಕ್ರಮ ಮ್ಯಾನುಯಲ್ಲಲ್ಲಿ ಇರತ್ತೆ. ಏರಿದ ಗಾಜು ತಾನಾಗೇ ವಾಪಸ್ ಇಳಿದ್ರೆ ಚಾನೆಲ್ಲಲ್ಲಿ ಎಲ್ಲೋ ಬಿಗಿ ಇದೆ, ಬೆರಳು ಸಿಕ್ಕಿದೆ ಅಂತ ತಿಳ್ಕೊಂಡು ಕಾರು ಗಾಜು ಇಳಿಸ್ತಿದೆ. ಆ ಸುರಕ್ಷತೆ ಕೆಲಸ ಮಾಡ್ತಿದೆಯಾ ಅಂತ ಪೇಪರ್ ಸುರುಳಿ ಅಡ್ಡ ಇಟ್ಟು ನೋಡಿ, ಕೈ ಇಟ್ಟು ನೋಡ್ಬೇಡಿ, ಮಕ್ಕಳಿರೋ ಮನೆ ಆದ್ರೆ ಇದನ್ನ ಬಿಡಲೇಬೇಡಿ. ಆಮೇಲೆ ಒಂದು ಮಗ್ ನೀರು ಮೇಲಿಂದ ನಿಧಾನಕ್ಕೆ ಸುರಿದು ಒಳಗೆ ಬರತ್ತಾ ನೋಡಿ, ಅದೇ ರಸ್ತೇಲಿ, ಅದೇ ವೇಗದಲ್ಲಿ ಓಡಿಸಿ.

ಫ್ರೇಮ್ ಇಲ್ಲದ ಡೋರ್ ಇರೋರಿಗೆ

ಡೋರ್ ತೆಗೆದ್ರೆ ಗಾಜಿನ ಸುತ್ತ ಫ್ರೇಮೇ ಇಲ್ಲ, ಬರೀ ಗಾಜು ನಿಂತಿರತ್ತೆ, ಮೂರು ಡೋರಿನ ಮಿನಿ ಕೂಪರ್, ಮಸ್ಟಾಂಗ್ ಇವೆಲ್ಲ ಹಿಂಗೇ, ಅಮೆರಿಕಾದಲ್ಲಿರೋ ನಮ್ಮವರು ಕೇಳೋ ಟೆಸ್ಲಾ ಮಾಡೆಲ್ 3, ಮಾಡೆಲ್ ವೈ ಕೂಡ. ಇವುಗಳಲ್ಲಿ ಗಾಜೇ ನೇರವಾಗಿ ಬಾಡಿ ರಬ್ಬರನ್ನ ಒತ್ತಬೇಕು, ಹಾಗಾಗಿ ಎತ್ತರ, ವಾಲು, ಒಳಗೆ ಹೊರಗೆ ಎಷ್ಟು ಬಾಗಬೇಕು ಮೂರೂ ಒಂದಕ್ಕೊಂದು ಸೇರಿಕೊಂಡಿರತ್ತೆ, ಒಂದನ್ನ ಮುಟ್ಟಿದ್ರೆ ಇನ್ನೊಂದು ಕೆಡತ್ತೆ. ಡೋರ್ ತೆಗೆದಾಗ ಗಾಜು ಸ್ವಲ್ಪ ಇಳಿದು ಹಾಕಿದಾಗ ಏರೋ ವ್ಯವಸ್ಥೇನೂ ಮತ್ತೆ ಸೆಟ್ ಮಾಡ್ಬೇಕು. ಹಂತ 3ರವರೆಗೆ ನೀವು ಮಾಡಿ, ಮುಂದಿನದು ಆ ಕಾರಿನ ಕೆಲಸ ಗೊತ್ತಿರೋರಿಗೆ ಬಿಡಿ.

ಎಲ್ಲಾ ಮಾಡಿದ ಮೇಲೂ ಸದ್ದು ಉಳಿದ್ರೆ

ಗಾಜು ಸರಿ, ಡೋರ್ ಸರಿ, ಪೇಪರ್ ಪಟ್ಟಿ ಎಲ್ಲಾ ಕಡೆ ಬಿಗಿ, ಆದ್ರೂ ಟೇಪ್ ಹಾಕಿದ್ರೆ ನಿಲ್ಲತ್ತೆ ಅನ್ನೋ ಹಾಗಿದ್ರೆ ಡೋರ್ ಬೀಡಿಂಗೇ ಸತ್ತಿದೆ, ಒತ್ತಿ ಬಿಟ್ರೆ ವಾಪಸ್ ಉಬ್ಬಲ್ಲ, ಹೊಸದು ಹಾಕಿ. ಫೋಮ್ ಪಟ್ಟಿ ಯಾಕೆ ಬೇಡ ಅಂದಿದ್ದು ಇದಕ್ಕೇ, ಸತ್ತ ರಬ್ಬರ್ ಮೇಲೆ ಇನ್ನೊಂದು ರಬ್ಬರ್ ಕೂತ್ರೆ ಡೋರ್ ಮುಚ್ಚೋಕೆ ಜಾಸ್ತಿ ಬಲ ಬೇಕಾಗತ್ತೆ, ದಿನಾ ಹಂಗೆ ಹೊಡೆದು ಹಾಕಿ ಹಾಕಿ ಫ್ರೇಮ್ ಮೇಲ್ಭಾಗಕ್ಕೆ ಹೊರಗಡೆ ಒತ್ತಡ ಬಿದ್ದು ಸಂದು ಇನ್ನೂ ದೊಡ್ಡದಾಗತ್ತೆ. ಮುಂದಿನ ವಿಂಡ್‌ಶೀಲ್ಡ್ ಯಾವಾಗಾದ್ರೂ ಬದಲಾಯಿಸಿದ್ರೆ ಅದರ ಪಕ್ಕದ ಮೋಲ್ಡಿಂಗಿಗೂ ಒಂದ್ಸಲ ಟೇಪ್ ಹಾಕಿ ನೋಡಿ. ಅಲ್ಲಿ ಬರೋ ಸದ್ದು ಎ-ಪಿಲ್ಲರ್ ಮೂಲಕ ಬಂದು ಡೋರ್ ಗಾಜಿಂದಲೇ ಬಂದಂಗೆ ಕೇಳ್ಸತ್ತೆ, ಆ ಟೇಪ್ ಹಾಕಿದಾಗ ನಿಂತ್ರೆ ವಿಂಡ್‌ಶೀಲ್ಡ್ ಹಾಕಿದವರ ಹತ್ರಾನೇ ಕಾರ್ ತಗೊಂಡು ಹೋಗಿ.